ಮಹಾಗಾಂವದ ಗೌರವ್ವನ ಸುದ್ದಿ

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ನಂಬದಿರುವುದಷ್ಟೇ ಅಲ್ಲ, ಹೇಳುವವರನ್ನು ನಡುವೆಯೇ ತಡೆದು ಪ್ರಶ್ನೆ ಕೇಳುತ್ತಿದ್ದೆ. ಕಂಡವರು ನೀವೋ, ಕಂಡವರಿಂದ ಕೇಳಿದವರೋ? ಆಗ ಬೆಳಕು ಎಷ್ಟಿತ್ತು? ಜ್ವರವೇನಾದರೂ ಇತ್ತೆ? ಹೈಸ್ಕೂಲಿನಲ್ಲಿ ಬಹಳ ವರ್ಷ ಕನ್ನಡ ಕಲಿಸಿದ ನನಗೆ ಇದು ರೂಢಿಯಾಗಿಬಿಟ್ಟಿತ್ತು. ಮಕ್ಕಳ ಪ್ರಬಂಧದಲ್ಲಿ ‘ಎಂದು ಹೇಳುತ್ತಾರೆ’ ಎಂಬ ಮಾತು ಬಂದರೆ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಯಾರು?’ ಎಂದು ಬರೆಯುತ್ತಿದ್ದೆ. ಆದ್ದರಿಂದ ಈ ಬರಹವನ್ನು ಓದುವವರು ನನ್ನನ್ನೂ ಹಾಗೆಯೇ ಪ್ರಶ್ನಿಸಬಹುದು, ನನ್ನ ಆಕ್ಷೇಪವಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದಷ್ಟೇ ನನಗೆ ಸಾಧ್ಯ.

ಗಂಟಲಿನ ತೊಂದರೆಯಿಂದಾಗಿ ನಾನು ಅವಧಿಗೆ ಮೊದಲೇ ಕೆಲಸ ಬಿಟ್ಟೆ. ಧ್ವನಿಪೆಟ್ಟಿಗೆಯ ಮೇಲೆ ಗಂಟುಗಳಾಗಿವೆ, ಮಾತನ್ನು ಕಡಿಮೆ ಮಾಡಿ ಎಂದು ವೈದ್ಯರು ಎಚ್ಚರಿಸಿದ್ದರು. ಅಂದಿನಿಂದ ಸಭೆಗಳಲ್ಲಿ ಭಾಷಣ ಮಾಡುವುದನ್ನು ನಿಲ್ಲಿಸಿದೆ. ತಪ್ಪಿಸಿಕೊಳ್ಳಲಾಗದಿದ್ದರೆ ಬರೆದುಕೊಂಡು ಹೋಗಿ, ಬರೆದದ್ದನ್ನು ಓದಿ, ಕುಳಿತುಬಿಡುತ್ತಿದ್ದೆ. ಹಾಳೆಯಲ್ಲಿಲ್ಲದ ಒಂದು ‘ಹಾಗಾಗಿ’ ಕೂಡ ನನ್ನ ಬಾಯಿಂದ ಬರುತ್ತಿರಲಿಲ್ಲ. ಇದನ್ನು ಇಲ್ಲಿ ಹೇಳಲು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಕಲಬುರಗಿಯ ನಾವು ಕೆಲವು ಗೆಳೆಯರು ಸೇರಿ ಒಂದು ಪುಸ್ತಕ ತರಲು ನಿರ್ಧರಿಸಿದೆವು. ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರುವ ಮುಂಚಿನ ಮತ್ತು ನಂತರದ ದಿನಗಳಲ್ಲಿ ನಮ್ಮ ಊರುಗಳ ಸಾಮಾನ್ಯರು ಹೇಗೆ ಬದುಕಿದರು ಎಂಬುದು ಅದರ ವಿಷಯ. ಮುಂದಾಳುಗಳ ಹೆಸರು ಚೌಕಗಳಿಗಿದೆ, ಶಾಲೆಗಳಿಗಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಧ್ವಜ ಏರಿಸುವಾಗ ಅವರನ್ನು ನೆನೆಯುತ್ತೇವೆ. ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದವರನ್ನು ನೆನೆಯುವವರಿಲ್ಲ. ಮೊದಲು ಒಂದು ಓಣಿಯವರು ಅಡಗಿದರು. ಸೈನ್ಯ ಬಂದ ಮೇಲೆ ಇನ್ನೊಂದು ಓಣಿಯವರು ಅಡಗಿದರು. ಯಾರು ಎಲ್ಲಿ ಅಡಗಿದ್ದರು, ಯಾರು ಅವರಿಗೆ ರೊಟ್ಟಿ ಮುಟ್ಟಿಸಿದರು ಎಂಬುದನ್ನು ಹೇಳಬಲ್ಲವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. ಪ್ರತಿಯೊಬ್ಬರೂ ಒಂದೊಂದು ಊರನ್ನು ವಹಿಸಿಕೊಂಡೆವು. ನಾನು ಕಮಲಾಪುರವನ್ನು ಆರಿಸಿಕೊಂಡೆ. ಅದು ನನ್ನ ತಾಯಿಯ ತವರು.

ನನ್ನದೊಂದು ನಿಯಮವಿತ್ತು. ಬೇರೆ ಬೇರೆ ಮನೆಗಳ ಇಬ್ಬರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಂತೆ, ಒಂದೇ ಸಂಗತಿಯನ್ನು ಹೇಳಿದರೆ ಮಾತ್ರ ಬರೆಯುವುದು. ಈ ಜರಡಿಯಲ್ಲಿ ಬಹಳಷ್ಟು ಕಥೆಗಳು ಸೋರಿಹೋದವು. ಉಳಿದವುಗಳಲ್ಲಿ ಹಗೇವಿನ ಸಂಗತಿ ಒಂದು. ಹಗೇವು ಎಂದರೆ ಅಂಗಳದ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಒಳಗೆ ಕೋಣೆಯಷ್ಟು ಅಗಲ. ಜೋಳ ತುಂಬಿ, ಬಾಯಿಗೆ ಫರಸಿ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಅಲ್ಲೊಂದು ಗುಂಡಿಯಿದೆ ಎಂದು ಹೊರಗಿನವರಿಗೆ ತಿಳಿಯದು. ಧಾನ್ಯವನ್ನು ವಸೂಲಿ ಮಾಡುವ ಸರ್ಕಾರದ ಲೇವಿಗೆ ಅಂಜಿ ಎಷ್ಟೋ ಮನೆಯವರು ಜೋಳವನ್ನು ಹೀಗೆ ಬಚ್ಚಿಟ್ಟಿದ್ದರು.

ಹಗೇವನ್ನು ತೆರೆಯುವುದಕ್ಕೆ ಒಂದು ಕ್ರಮವಿದೆ. ಕಲ್ಲು ಸರಿಸಿದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕಾವು ಹೋಗುವವರೆಗೆ ಬಾಯಿ ತೆರೆದಿಟ್ಟು, ಆಮೇಲೆ ಉರಿಯುವ ಕಂದೀಲನ್ನು ಹಗ್ಗದಿಂದ ಇಳಿಬಿಡಬೇಕು. ದೀಪ ಆರಿದರೆ ಒಳಗಿರುವುದು ಉಸಿರಾಡುವ ಗಾಳಿಯಲ್ಲ. ನಮ್ಮ ಕಡೆ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಸೋದರಮಾವನ ಮಗ ಶರಣಪ್ಪ ತನ್ನ ಅಂಗಳದ ಹಳೆಯ ಹಗೇವನ್ನು ತೋರಿಸಿದಾಗ ನಾನು ಬಗ್ಗಿ ನೋಡುತ್ತ ಬಹಳ ಹೊತ್ತು ನಿಂತಿದ್ದೆ. ಬಾಳೆತೋಟಕ್ಕೆ ಹೊರಟಿದ್ದ ಅವನಿಗೆ ಬೇಸರವಾಯಿತು.

“ಅಕ್ಕಾ, ಇದರಾಗ ನಿನ್ನ ಇತಿಹಾಸ ಏನೂ ಇಲ್ಲ, ಬರೇ ಇಲಿ ಅವ. ಜಾರಿ ಬಿದ್ದಿ ಅಂದ್ರ ನಾಳಿ ನಿನ್ನ ಬಗ್ಗೆನೇ ಯಾರರ ಬರೀಬೇಕಾಗ್ತದ. ಬಾ, ಕೆಂಪ ಬಾಳಿಹಣ್ಣ ತಿನ್ನು” ಎಂದು ನಗೆಯಾಡಿದ.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ಕಲಬುರಗಿಯ ಒಂದು ಸಭಾಂಗಣದಲ್ಲಿ ಲೇಖನಗಳನ್ನು ಓದುವ ಕಾರ್ಯಕ್ರಮವಿಟ್ಟುಕೊಂಡಿದ್ದೆವು. ಸೆಪ್ಟೆಂಬರ್ ತಿಂಗಳು, ನಡುಹಗಲು, ಕಿಟಕಿಗಳೆಲ್ಲ ತೆರೆದಿದ್ದವು. ಓದಲು ನನ್ನ ಸರದಿ ಬಂದಾಗ ನನಗೆ ದಣಿವಾಗಲಿ, ಗಾಬರಿಯಾಗಲಿ ಇರಲಿಲ್ಲ. ಲೇವಿಯ ಸಂಗತಿ, ಜೋಳ ಬಚ್ಚಿಟ್ಟ ಸಂಗತಿ, ಅದನ್ನು ಕದ್ದು ಬೀಸುವಾಗ ಸದ್ದು ಕೇಳಿಸದಿರಲೆಂದು ಬೀಸುಕಲ್ಲಿನ ಕೆಳಗೆ ಕೌದಿ ಹಾಸುತ್ತಿದ್ದ ಸಂಗತಿ, ಎಲ್ಲವನ್ನೂ ಓದಿ ಮುಗಿಸಿದೆ. ಚಪ್ಪಾಳೆಗಾಗಿ ಕ್ಷಣಕಾಲ ನಿಂತೆ. ಚಪ್ಪಾಳೆ ಬರಲಿಲ್ಲ. ಜನ ನನ್ನನ್ನೇ ನೋಡುತ್ತಿದ್ದರು.

ಹಿಂದಿನ ಸಾಲಿನಿಂದ ಒಬ್ಬ ವೃದ್ಧೆ ಎದ್ದು ನಿಂತರು. ಅವರು ಮಹಾಗಾಂವದ ನೀಲವ್ವ. ಕಣ್ಣಿನ ಪರೀಕ್ಷೆಗೆಂದು ಕಲಬುರಗಿಗೆ ಬಂದವರನ್ನು ಪರಿಚಯದವರು ಸಭೆಗೆ ಕರೆತಂದಿದ್ದರು.

“ಟೀಚರ್ರೀ, ಅದು ಇನ್ನೊಮ್ಮೆ ಓದ್ರಿ” ಎಂದರು.

ಯಾವುದು ಎಂದು ಕೇಳಿದೆ. ಹಗೇವಿನದು ಎಂದರು. ಜೋಳ ಬಚ್ಚಿಟ್ಟ ವಾಕ್ಯವನ್ನು ಮತ್ತೆ ಓದಿದೆ.

“ಅದಲ್ರೀ. ಗೌರವ್ವಂದು ಓದ್ರಿ.”

ನನ್ನ ಲೇಖನದಲ್ಲಿ ಗೌರವ್ವ ಎಂಬ ಹೆಸರೇ ಇರಲಿಲ್ಲ. ಅಜ್ಜಿ ಯಾವುದನ್ನೋ ಯಾವುದಕ್ಕೋ ಬೆರೆಸಿಕೊಂಡಿದ್ದಾರೆ ಎಂದುಕೊಂಡು, ಸಭೆಯನ್ನು ನಡೆಸುತ್ತಿದ್ದ ನನ್ನ ಹಳೆಯ ಸಹೋದ್ಯೋಗಿ ಮಹಾದೇವಿಯತ್ತ ನೋಡಿದೆ. ಅವಳು ತಲೆ ಅಲ್ಲಾಡಿಸಲಿಲ್ಲ, ನಗಲಿಲ್ಲ. “ಓದಿದ್ದಿ ನೀನು” ಎಂದಳು ಮೆಲ್ಲಗೆ. ಅವಳು ಎಲ್ಲರ ಓದನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದಳು. ಊಟದ ಹೊತ್ತಿನಲ್ಲಿ ಪಕ್ಕದ ಕೋಣೆಗೆ ಕರೆದೊಯ್ದು ಕೇಳಿಸಿದಳು.

ಧ್ವನಿ ನನ್ನದೇ. ಜೋಳದ ವಾಕ್ಯ ಮುಗಿದ ಮೇಲೆ, ಓದುವ ಗತಿ ಒಂದಿಷ್ಟೂ ಬದಲಾಗದೆ, ನಾನು ಹೀಗೆ ಹೇಳಿದ್ದೆ: “ಮಹಾಗಾಂವದ ಗೌರವ್ವನನ್ನೂ ಹಗೇವಿನಲ್ಲಿ ಇಳಿಸಿ ಕಲ್ಲು ಮುಚ್ಚಿದರು. ಕಾವು ಹೋಗುವವರೆಗೆ ಕಾಯಲು ಯಾರಿಗೂ ಪುರಸೊತ್ತಿರಲಿಲ್ಲ. ಕಲ್ಲು ತೆಗೆದಾಗ ಅವಳು ಜೋಳದ ಮೇಲೆ ಒರಗಿದ್ದಳು.” ಆಮೇಲೆ ಬೀಸುಕಲ್ಲಿನ ವಾಕ್ಯ. ಅದು ನಾನು ಬರೆದಿದ್ದಂತೆಯೇ ಇತ್ತು.

ಇನ್ನೂ ಒಂದು ಸಂಗತಿಯಿದೆ. ಈ ಮಾತುಗಳಿಗೆ ಮುಂಚೆ ಹಾಳೆ ಮಗುಚಿದ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಅವು ಮುಗಿದ ಮೇಲೆ ಮತ್ತೊಮ್ಮೆ ಕೇಳುತ್ತದೆ. ನನ್ನ ಲೇಖನದಲ್ಲಿ ಜೋಳದ ವಾಕ್ಯವೂ ಬೀಸುಕಲ್ಲಿನ ವಾಕ್ಯವೂ ಒಂದೇ ಪುಟದಲ್ಲಿ, ಒಂದರ ಕೆಳಗೆ ಒಂದಿದ್ದವು. ಅಲ್ಲಿ ಹಾಳೆ ಮಗುಚುವ ಅಗತ್ಯವೇ ಇರಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಹಿಂದುಮುಂದಾಗಿಸಿ ನೋಡಿದೆ. ಇರಬೇಕಾದಷ್ಟೇ ಇದ್ದವು.

ಎದುರಿಗೆ ನೀಲವ್ವ ಕುಳಿತಿದ್ದರು. ತಟ್ಟೆಯಲ್ಲಿದ್ದುದನ್ನು ಮುಟ್ಟಿರಲಿಲ್ಲ. “ಊಟ ಐತಿ ಅಂದ್ರು ಅಂತ ಬಂದೆ. ನೀವು ಉಣ್ಣಗೊಡಲಿಲ್ಲ ನೋಡ್ರಿ” ಎಂದು ಹೇಳಿ, ನಗಲು ಹೋಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಅವರು ಹೇಳಿದ್ದು ಇಷ್ಟು. ಗೌರವ್ವ ಅವರ ತಾಯಿಯ ತಂಗಿ. ಮಹಾಗಾಂವದ ಒಕ್ಕಲುತನದ ಮನೆ. ಮದುವೆಯ ಮಾತುಕತೆ ನಡೆದಿದ್ದ ಹುಡುಗಿ. ಗಲಾಟೆ ಹೆಚ್ಚಾದಾಗ ಆಕೆಯನ್ನು ಕಮಲಾಪುರದ ನಂಟರ ಮನೆಗೆ ಕಳುಹಿಸಿದರು. ದೊಡ್ಡ ಮನೆ, ಗಟ್ಟಿ ಬಾಗಿಲು, ಅಲ್ಲಿ ಭಯವಿಲ್ಲ ಎಂಬ ಲೆಕ್ಕ. ಗಲಾಟೆ ನಿಂತ ಮೇಲೆ ಕರೆತರಲು ಹೋದವರಿಗೆ ಆ ಮನೆಯವರು, ಹುಡುಗಿ ಒಂದು ಬೆಳಗ್ಗೆ ಕಾಣಲಿಲ್ಲ, ಯಾರ ಸಂಗಡ ಹೋದಳೋ ತಿಳಿಯದು ಎಂದುಬಿಟ್ಟರು. ಅಂದಿನಿಂದ ಮಹಾಗಾಂವದ ಮನೆಯಲ್ಲಿ ಅವಳ ಹೆಸರನ್ನು ಎತ್ತುವಂತಿರಲಿಲ್ಲ. ಓಡಿಹೋದವಳ ಮನೆ ಎಂದು ಉಳಿದ ಹೆಣ್ಣುಮಕ್ಕಳ ಸಂಬಂಧಗಳೂ ತಪ್ಪಿದವು. ನೀಲವ್ವನ ತಾಯಿ ಸಾಯುವ ಮುನ್ನ ಮಗಳಿಗೆ ಆ ಹೆಸರನ್ನೂ ಈ ಸಂಗತಿಯನ್ನೂ ಒಮ್ಮೆ ಹೇಳಿದ್ದರು. ನೀಲವ್ವ ಅದನ್ನು ತನ್ನ ಮಕ್ಕಳಿಗೂ ಹೇಳಿರಲಿಲ್ಲ.

“ನಮ್ಮ ಅವ್ವ ಹೇಳಿದ್ದು ಇಷ್ಟೇ ರೀ. ಆಮ್ಯಾಲ ಏನಾದ್ಳಂತ ಆಕಿಗೂ ಗೊತ್ತಿದ್ದಿಲ್ಲ. ನಿಮಗ್ಯಾರ ಹೇಳಿದ್ರು?”

ಯಾರೂ ಹೇಳಿಲ್ಲ ಎಂದೆ. ಅವರು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಎರಡು ದಿನ ಬಿಟ್ಟು ನೀಲವ್ವನೊಂದಿಗೆ ಕಮಲಾಪುರಕ್ಕೆ ಹೋದೆ. ಮೊದಲು ಸೋದರಮಾವನನ್ನು ಕೇಳಿದೆ. ಬಾಲ್ಯದಲ್ಲಿ ತಾಯಿಯಿಂದಲೋ ಅಜ್ಜಿಯಿಂದಲೋ ಕೇಳಿ ಮರೆತದ್ದು ಹೀಗೆ ಹೊರಬಂದಿರಬಹುದೆಂಬುದು ನನ್ನ ಊಹೆಯಾಗಿತ್ತು. ವಯಸ್ಸಾಗಿದ್ದರೂ ಅವರ ನೆನಪು ಚುರುಕಾಗಿತ್ತು. ಅಂಥ ಮಾತು ತಮ್ಮ ಮನೆಯಲ್ಲಿ ಎಂದೂ ಬಂದಿಲ್ಲ, ಊರಲ್ಲಿಯೂ ಕೇಳಿಲ್ಲ ಎಂದರು. ಬಳಿಕ ನಂಟರ ಆ ಮನೆಗೆ ಹೋದೆವು. ಈಗ ಅಲ್ಲಿ ಇರುವ ಹಿರಿಯರ ಹೆಸರನ್ನು ನಾನು ಬರೆಯುವುದಿಲ್ಲ. ಗಲಾಟೆಯ ಕಾಲಕ್ಕೆ ಅವರು ಹುಟ್ಟಿಯೂ ಇರಲಿಲ್ಲ. ನಮ್ಮನ್ನು ಕೂರಿಸಿ ಚಹಾ ಕೊಟ್ಟರು. ಪುಸ್ತಕದ ವಿಷಯ ಹೇಳಿದಾಗ ಸಂತೋಷಪಟ್ಟರು. ನಿಮ್ಮ ಮನೆಯಲ್ಲಿ ಹಗೇವು ಇತ್ತೇ ಎಂದು ಕೇಳಿದೆ, ಇನ್ನೇನನ್ನೂ ಹೇಳಲಿಲ್ಲ.

“ಇತ್ರೀ. ಈಗ ಗಾಡಿ ನಿಲ್ಲಸ್ತೀವಲ್ಲ, ಅಲ್ಲೇ. ನಮ್ಮ ಮುತ್ಯಾ ಮುಚ್ಚಿಸಿಬಿಟ್ಟ. ಜೋಳ ಇದ್ದಂಗೇ ಮಣ್ಣ ಹಾಕ್ಸಿದ್ನಂತ. ಹುಚ್ಚ ಅಲ್ಲೇನ್ರಿ? ಆ ವರ್ಷ ಮನಿ ಮಂದಿ ಅಂಬಲಿ ಕುಡದು ದಿನಾ ದೂಡ್ಯಾರ. ಯಾಕ ಮುಚ್ಚಿದಿ ಅಂತ ಕೇಳಿದ್ರ ಬಡಿಗಿ ತಗೋತಿದ್ದ…”

ಅಷ್ಟರಲ್ಲಿ ಅವರ ಕಣ್ಣು ನೀಲವ್ವನ ಮುಖದ ಮೇಲೆ ಬಿತ್ತು. ನೀಲವ್ವ ಚಹಾದ ಕಪ್ಪನ್ನು ನೆಲಕ್ಕಿಟ್ಟು ಅಂಗಳದ ಆ ಮೂಲೆಯನ್ನು ನೋಡುತ್ತಿದ್ದರು. ಹಿರಿಯರ ಧ್ವನಿ ಬದಲಾಯಿತು. “ಈ ಅಮ್ಮಾ ಯಾರು? ಏನ್ ಬರೀಲಾಕ ಬಂದೀರಿ ನೀವು? ನಮ್ಮ ಮನಿ ಹೆಸರ ಕೆಡಸ್ಲಾಕ ಬಂದೀರೇನು?”

“ನಮ್ಮ ಮನಿ ಹೆಸರ ಕೆಟ್ಟು ಕುಂತದಲ್ಲಪಾ, ಅದನ್ನ ನಿಮ್ಮ ಮುತ್ಯಾಗ ಯಾರ ಕೇಳಿದ್ರು?” ಎಂದರು ನೀಲವ್ವ.

ಮುಂದೆ ಮಾತು ನಡೆಯಲಿಲ್ಲ. ಹೆದ್ದಾರಿಯ ಬದಿಯಲ್ಲಿ ಮಹಾಗಾಂವದ ಕಡೆಗೆ ಹೋಗುವ ಟೆಂಪೊಗಾಗಿ ಕಾಯುತ್ತ ನಿಂತೆವು. ಹಸಿದ ವರ್ಷದಲ್ಲಿ ಜೋಳದ ಮೇಲೆ ಮಣ್ಣು ಸುರಿಸಿದ ಆ ಅಜ್ಜ ಏನನ್ನು ಕಂಡಿದ್ದನೋ, ಹುಳ ಬಿದ್ದ ಜೋಳವೆಂದೇ ಮುಚ್ಚಿಸಿದ್ದನೋ, ಯಾರು ಹೇಳಬಲ್ಲರು? ಗಾಳಿಯಾಡಿಸದೆ ಯಾರೂ ಹಗೇವಿಗೆ ಇಳಿಯುವುದಿಲ್ಲ, ಇಳಿಸುವುದೂ ಇಲ್ಲ. ಆದರೆ ಬಾಗಿಲು ಬಡಿಯುತ್ತಿರುವಾಗ, ಹುಡುಗಿಯನ್ನು ಕಾಪಾಡಲೇಬೇಕೆಂಬ ಅವಸರದಲ್ಲಿ, ಹುಟ್ಟಿನಿಂದ ತಿಳಿದದ್ದೂ ಮರೆತುಹೋಗಿರಬಹುದು. ಹಾಗಿದ್ದರೆ ಅವರು ಕೊಂದವರಲ್ಲ, ಕಾಪಾಡಲು ಹೋದವರು. ಆಮೇಲೆ ಹೇಳಿದ ಸುಳ್ಳು ಮಾತ್ರ ಅವರದು. ಇವೆಲ್ಲ ನನ್ನ ಊಹೆಗಳು. ಪುಸ್ತಕದಲ್ಲಿ ಅಚ್ಚಾಗಬಲ್ಲ ವಾಕ್ಯ ಇವುಗಳಲ್ಲಿ ಒಂದೂ ಇರಲಿಲ್ಲ.

ನನ್ನ ನಿಯಮವನ್ನು ನೀಲವ್ವನಿಗೆ ವಿವರಿಸಿದೆ. ಇಬ್ಬರು ಹೇಳದ ಹೊರತು ಬರೆಯಲಾಗದು ಎಂದೆ. ಅವರು, “ಒಬ್ಬಾಕಿ ನಾನು ಇದ್ದೀನಿ. ಇನ್ನೊಬ್ಬಾಕಿ ನೀವೇ ಅಲ್ಲೇನ್ರಿ?” ಎಂದರು. ನಾನು ಸಾಕ್ಷಿಯೆಂದರೆ ಯಾವುದಕ್ಕೆ ಸಾಕ್ಷಿ? ಕಂಡವಳಲ್ಲ, ಕೇಳಿದವಳೂ ಅಲ್ಲ; ಹೇಳಿದವಳು ಮಾತ್ರ. ಪುಸ್ತಕವು ಆ ವಾಕ್ಯಗಳಿಲ್ಲದೆಯೇ ಅಚ್ಚಿಗೆ ಹೋಯಿತು.

ಅದೇ ತಿಂಗಳ ಕೊನೆಗೆ ನೀಲವ್ವ ಕಲಬುರಗಿಯ ಕೋಟನೂರಿನ ನನ್ನ ಮನೆಗೆ ಬಂದರು. ಪುಸ್ತಕದ ಮಾತು ಎತ್ತಲಿಲ್ಲ. ನವರಾತ್ರಿಗೆ ಮುಂಚಿನ ಮಾನೌಮಿ ಅಮಾಸೆಗೆ ತಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ, ತೀರಿಕೊಂಡ ಪ್ರತಿಯೊಬ್ಬರ ಹೆಸರು ಹೇಳಿ ಒಂದೊಂದು ಎಡೆ. ಗೌರವ್ವನಿಗೆ ಎಂದೂ ಇಟ್ಟಿಲ್ಲ. ಸತ್ತ ಸುದ್ದಿ ಬಾರದವರಿಗೆ ಎಡೆ ಇಟ್ಟರೆ ಬದುಕಿರುವವರ ಸಾವನ್ನು ಬಯಸಿದಂತೆ. ಸುದ್ದಿಯನ್ನು ಯಾರಾದರೂ ಬಾಯಿಂದಲೇ ಹೇಳಬೇಕು. ತಂದವರು ಹೊಸ್ತಿಲ ಹೊರಗೆ ನಿಂತು ಹೇಳಬೇಕು. ಕಾಲಿಗೆ ನೀರು ಹಾಕುವವರೆಗೆ ಒಳಗೆ ಬರಬಾರದು. ಆ ಮನೆಯ ನಡೆ ಅದು. “ನೀವು ಬಂದು ಹೇಳ್ರಿ” ಎಂದರು. “ಬರ್ಕೊಂಡು ಏನ್ ಮಾಡ್ತೀರಿ? ನಿಂತು ಒಂದು ಮಾತು ಹೇಳ್ರಿ, ಸಾಕು.”

ನಾನು ಒಪ್ಪಿದ್ದು ಅವರ ಮುಖ ನೋಡಿ. ಮನಸ್ಸಿನಲ್ಲಿ ಒಂದು ಎಚ್ಚರಿಕೆಯ ವಾಕ್ಯವನ್ನು ಕಟ್ಟಿಕೊಂಡಿದ್ದೆ: ಗೌರವ್ವ ಎಂಬವರು ಕಮಲಾಪುರದಲ್ಲಿ ತೀರಿಕೊಂಡಿರಬಹುದೆಂದು ತೋರುತ್ತದೆ. ಇದರಲ್ಲಿ ಸುಳ್ಳಿಲ್ಲ, ಯಾರ ಮೇಲೂ ಅಪವಾದವಿಲ್ಲ.

ಅಮಾಸೆಯ ದಿನ ಮಧ್ಯಾಹ್ನ ಮಹಾಗಾಂವದ ಆ ಮನೆಯ ಮುಂದೆ ನಿಂತೆ. ಒಳಗೆ ಗೋಡೆಯ ಕಡೆ ಕಂಬಳಿ ಹಾಸಿ, ಹೋಳಿಗೆ, ರೊಟ್ಟಿ, ಪಲ್ಲೆಗಳ ಎಡೆಗಳನ್ನು ಸಾಲಾಗಿ ಇಟ್ಟಿದ್ದರು. ಸಾಲಿನ ಕೊನೆಯಲ್ಲಿ ಒಂದು ಬರಿಯ ಎಲೆ, ಅದರ ಪಕ್ಕದಲ್ಲಿ ಕುಪ್ಪಸಕ್ಕೆಂದು ಹೊಸ ಖಣ. ನೀಲವ್ವನ ಮಗ ಚನ್ನಬಸಪ್ಪನಿಗೆ ಇದೆಲ್ಲ ಸರಿಬಂದಿರಲಿಲ್ಲ. “ಯವ್ವಾ, ಸಭಾದಾಗ ಯಾರೋ ಏನೋ ಅಂದ್ರಂತ ಇಷ್ಟೆಲ್ಲಾ ಯಾಕ? ಆಕಿ ಎಲ್ಲ್ಯರ ಮಕ್ಕಳು ಮೊಮ್ಮಕ್ಕಳ ಕೂಡ ಆರಾಮ ಇದ್ದಿದ್ರ?” ಎಂದು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

ನೀಲವ್ವ ಹೊಸ್ತಿಲ ಒಳಗೆ ನಿಂತು, ಪದ್ಧತಿಯಂತೆ, “ಯಾರ ಸುದ್ದಿ ತಂದೀರಿ?” ಎಂದರು.

ನಾನು ಕಟ್ಟಿಕೊಂಡಿದ್ದ ವಾಕ್ಯವನ್ನು ಹೇಳಲಿಲ್ಲ. “ನಿಮ್ಮ ಗೌರವ್ವ ಓಡಿ ಹೋಗಿಲ್ಲ. ಕಮಲಾಪುರದಲ್ಲಿ ಹಗೇವಿನೊಳಗೆ ತೀರಿಕೊಂಡಳು” ಎಂದೆ. ಈ ಸಲ ನನ್ನ ಮಾತು ನನಗೆ ಕೇಳಿಸಿತು. ಹೇಳುತ್ತಿರುವವಳು ನಾನೇ ಎಂಬ ಅರಿವೂ ಇತ್ತು. ಹಾಗೆ ಹೇಳುವ ಹಕ್ಕು ನನಗಿಲ್ಲವೆಂಬುದೂ, ಕಮಲಾಪುರದ ಆ ಮನೆಯ ಹಿರಿಯರು ಕೊಟ್ಟ ಚಹಾವೂ ನೆನಪಿಗೆ ಬಂದವು. ಆದರೂ ಹೇಳಿದೆ. ಚನ್ನಬಸಪ್ಪನೇ ಚರಿಗೆಯಲ್ಲಿ ನೀರು ತಂದು ನನ್ನ ಕಾಲಿಗೆ ಹಾಕಿದ.

ನೀಲವ್ವ ಬರಿಯ ಎಲೆಗೆ ಹೋಳಿಗೆ ಬಡಿಸಿದರು, ತುಪ್ಪ ಹಾಕಿದರು. “ಗೌರವ್ವಾ” ಎಂದು ದೊಡ್ಡದಾಗಿ ಕೂಗಿದರು. ಆ ಮನೆಯಲ್ಲಿ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಕರೆದು ಎಷ್ಟು ಕಾಲವಾಗಿತ್ತೋ. ಸೊಸೆಯಂದಿರೂ ಮಕ್ಕಳೂ ಒಬ್ಬೊಬ್ಬರಾಗಿ ಕೈಮುಗಿದು ಹೆಸರು ಹೇಳಿದರು. ಕೆಲವರು ಆ ಹೆಸರನ್ನು ಕೇಳಿದ್ದೇ ಆಗ.

ಊಟವಾದ ಮೇಲೆ ನೀಲವ್ವ ನನ್ನನ್ನು ಬಸ್ಸಿನವರೆಗೆ ಕಳುಹಿಸಲು ಬಂದರು. ಊರ ಅಗಸೆಬಾಗಿಲು ದಾಟುವಾಗ ಮೆಲ್ಲನೆ ಕೇಳಿದರು: “ಆಕಿ ಭಾಳ ಅಂಜಿದ್ಳೇನ್ರಿ?”

“ಇಲ್ಲ, ಬೇಗ ನಿದ್ದೆ ಹತ್ತಿತು” ಎಂದೆ.

ಅವರು ನನ್ನ ಕೈಹಿಡಿದು ಒತ್ತಿದರು. ಬಸ್ಸು ಕಲಬುರಗಿಯ ದಾರಿ ಹಿಡಿದು ಬಹಳ ದೂರ ಬಂದ ಮೇಲೆ, ನಾನು ಕೊಟ್ಟ ಉತ್ತರವೇನೆಂಬುದು ನನ್ನ ಲಕ್ಷ್ಯಕ್ಕೆ ಬಂತು. ಮುದುಕಿಯ ಸಮಾಧಾನಕ್ಕಾಗಿ ಹಾಗೆ ಹೇಳಿದೆ ಎಂದು ಬರೆದರೆ ಓದುವವರು ಒಪ್ಪಿಯಾರು. ನಾನೂ ಹಾಗೆಂದೇ ಒಪ್ಪಿಕೊಳ್ಳಲು ಈ ವರ್ಷಗಳಲ್ಲಿ ಹಲವು ಸಲ ಯತ್ನಿಸಿದ್ದೇನೆ. ಆದರೆ ಆ ಹೊತ್ತಿನಲ್ಲಿ ಅವರನ್ನು ಸಮಾಧಾನಪಡಿಸಬೇಕೆಂದು ನಾನು ಯೋಚಿಸಿದ ನೆನಪಿಲ್ಲ. ಕೇಳಿದರು; ಗೊತ್ತಿದ್ದುದನ್ನು ಹೇಳಿದೆ.